ಸುಲಭವಾಗಿ ತೋರಿಸಬಹುದು

ಮಾರ್ಕೆಟ್ಟಿನಿಂದ ಕೆಂಗೇರಿಗೆ ದಿನಕ್ಕೆ ಆರು ಸಿಂಗಲ್.
ನಾಯಂಡಹಳ್ಳಿ ದಾಟಿ, ಆರ್ಚು ದಾಟಿ ಕೂಗುತ್ತೇನೆ:
"ಯೂನಿವರ್ಸಿಟಿ ಯಾರ್ರೀ, ಯೂನಿವರ್ಸಿಟಿ?"
ಹನ್ನೊಂದು ವರ್ಷ ಕೂಗಿದ್ದೇನೆ,
ಒಂದು ಸಲವೂ ಇಳಿದಿಲ್ಲ.

ಈಗ ಹೆಂಗಸರ ಟಿಕೆಟ್ಟಿನ ಮೇಲೆ ಸೊನ್ನೆ ಬೀಳುತ್ತದೆ.
ದಿನಕ್ಕೆ ನಾನ್ನೂರು ಸೊನ್ನೆ ಹರಿದುಕೊಡುತ್ತೇನೆ.
ಸೊನ್ನೆಯಿಂದ ಭಾಗಿಸಬಾರದು ಅಂತ ಸ್ಕೂಲಿನಲ್ಲಿ ಹೇಳಿದ್ದರು,
ಯಾಕೆ ಅಂತ ಹೇಳಿರಲಿಲ್ಲ.
ಆ ಯಾಕೆ ನನ್ನ ಬಿಡಲಿಲ್ಲ.
ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನಲವತ್ತು ರೂಪಾಯಿಗೆ
ಈ ದಪ್ಪ ಪುಸ್ತಕ ಕೊಡಿಸಿತು.

ಹಿಂದಿನವನು ಎಸ್. ಮುನಿಯಲ್ಲಪ್ಪ, ಬಿಎಸ್ಸಿ ಎರಡನೇ ವರ್ಷ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ:
ಇಲ್ಲಿ ಎಡವಬೇಡ. ಇದು ಇಂಪಾರ್ಟೆಂಟ್. ಟೀ ಕುಡಿದು ಬಾ.
ಅರವತ್ತೊಂದನೇ ಪುಟದಲ್ಲಿ ಪೆನ್ಸಿಲು ನಿಂತಿದೆ.
ಪರೀಕ್ಷೆ ಮುಗಿಯಿತೋ, ಅವನೇ ಮುಗಿದನೋ.
ಅಲ್ಲಿಂದ ಮುಂದೆ ನಾನೊಬ್ಬಳೇ,
ಡಿಪೋದ ಕಬ್ಬಿಣದ ಮಂಚ,
ರದ್ದಾದ ವೇಬಿಲ್ಲುಗಳ ಬೆನ್ನು.
ಒಂದೊಂದು ಪುಟಕ್ಕೆ ಎರಡೆರಡು ತಿಂಗಳು. ಅವಸರ ಯಾರಿಗೆ?
ಕೊನೆಯ ಟ್ರಿಪ್ಪಿನ ಖಾಲಿ ಬಸ್ಸಿನಲ್ಲಿ
ಒಂದು ಲೆಕ್ಕ ಬಿಡಿಸಿಕೊಂಡಾಗ
ಡ್ರೈವರ್ ಈರಯ್ಯ ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದ:
"ಏನ್ ಚೆನ್ನಾಜಮ್ಮ, ಚಿಲ್ಲರೆ ಸರಿಹೋಯ್ತಾ?"
"ಹೋಯ್ತು ಈರಯ್ಯ."

ಎಂಬತ್ತೆಂಟನೇ ಪುಟದಲ್ಲಿ ಕೆಟ್ಟು ನಿಂತೆ.
"ಇದರಿಂದ ಸುಲಭವಾಗಿ ತೋರಿಸಬಹುದು" ಅನ್ನುತ್ತದೆ ಪುಸ್ತಕ,
ತೋರಿಸದೆ ಮುಂದಿನ ಸಾಲಿಗೆ ಹೋಗುತ್ತದೆ.
ಯಾರು? ಯಾರಿಗೆ?
ಮೂರು ತಿಂಗಳು ಆ ಸುಲಭದ ಮುಂದೆ ಕೂತೆ,
ಸಾಲ ಕೇಳಲು ಬಂದವಳು ಜಗಲಿಯಲ್ಲಿ ಕೂತ ಹಾಗೆ.

ವಾರದ ರಜೆಗೆ ಸೀರೆಯುಟ್ಟು ಹೊರಟೆ.
ನನ್ನದೇ ರೂಟು, ಬೇರೆ ಕಂಡಕ್ಟರು. ಇಳಿದೆ.
ನೀಲಗಿರಿ ಮರ, ಮಲಗಿದ ನಾಯಿಗಳು, ಮುಗಿಯದ ರಸ್ತೆ.
ಗಣಿತ ವಿಭಾಗದ ಹಿಂದಿನ ಬೆಂಚು.
ಯಾರದೋ ತಾಯಿ ಅಂದುಕೊಂಡರೇನೋ, ಯಾರೂ ಕೇಳಲಿಲ್ಲ.

ಮೇಷ್ಟ್ರು "ಆಯ್ಲರ್" ಅಂದರು.
ಬೋರ್ಡಿನ ಮೇಲೆ ಬರೆದಾಗ ತಿಳಿಯಿತು,
ಅವನು ನನ್ನ ಯೂಲರ್.
ಅಕ್ಷರ ಕಂಡಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ.
ಒಂಬತ್ತು ವರ್ಷ ಸತ್ತವನೊಬ್ಬನನ್ನು ತಪ್ಪು ಹೆಸರಿನಿಂದ ಕರೆದಿದ್ದೆ,
ಪಾಪ, ಅವನು ಓಗೊಡುತ್ತಲೇ ಇದ್ದ.

ಅರ್ಧ ಕ್ಲಾಸು ತೂಕಡಿಸುತ್ತಿತ್ತು.
ಮುಂದಿನ ಸಾಲಿನ ಹುಡುಗ ಕೈಯೆತ್ತಿದ:
"ಸಾರ್, ಅಲ್ಲಿ ಮೈನಸ್."
ಮೇಷ್ಟ್ರು ತಿರುಗಿ ನೋಡಿದರು. "ಹೌದಲ್ಲ" ಅಂದರು. ಒರೆಸಿದರು.
ಅಷ್ಟೇ.
ನನ್ನ ಗಂಟಲು ಕಟ್ಟಿತು.
ನನ್ನ ತಪ್ಪುಗಳನ್ನು ಯಾರು ನೋಡಿದ್ದಾರೆ?
ಟಿಕೆಟ್ ಟ್ರಂಕಿನ ತಳದಲ್ಲಿ ಕಟ್ಟುಕಟ್ಟಾಗಿ ಬಿದ್ದಿವೆ.
ಎಲ್ಲಿ ಮೈನಸ್ ಬಿಟ್ಟೆನೋ,
ಅದರ ಮೇಲೆ ಎಷ್ಟು ಅಂತಸ್ತು ಕಟ್ಟಿದೆನೋ.

ಮಂಗಳವಾರ ಅದೇ ಹುಡುಗ ನನ್ನ ಬಸ್ಸು ಹತ್ತಿ ಪಾಸು ತೋರಿಸಿದ.
ಖಾಕಿಯಲ್ಲಿ ಗುರುತು ಸಿಗಲಿಲ್ಲ ಅವನಿಗೆ.
ಚೀಲದಿಂದ ಪುಸ್ತಕ ತೆಗೆದು ಪುಟ ಬಿಡಿಸಿ ಹಿಡಿದೆ:
"ಇದು ಹೇಗಪ್ಪಾ ಸುಲಭ?"
ಪುಟ ನೋಡಿದ, ನನ್ನ ನೋಡಿದ, ಎದೆಯ ಬಿಲ್ಲೆ ನೋಡಿದ.
"ನಮಗೆ ಇದನ್ನ ಬಿಟ್ಬಿಟ್ರು ಮೇಡಂ. ಪರೀಕ್ಷೆಗೆ ಬರಲ್ಲ."
ನಾನು ನಕ್ಕೆ. ಅವನು ನಗಲಿಲ್ಲ.
ಪೆನ್ಸಿಲ್ ಇದೆಯಾ ಅಂದ.

ನಾಯಂಡಹಳ್ಳಿ ಬಂತು, ಹೋಯಿತು.
ಮುನಿಯಲ್ಲಪ್ಪ ಕಾಣದ ಅಂಚಿನಲ್ಲಿ
ಗೀಚಿ, ಹೊಡೆದುಹಾಕಿ, ಮತ್ತೆ ಗೀಚುತ್ತಿದ್ದಾನೆ.
ಪಾಸಿನಲ್ಲಿ ಬರೆದಿದ್ದ ಸ್ಯಾಟಲೈಟ್ ಸ್ಟಾಪು ಬಂತು.
ನಾಲ್ಕು ಜನ ಇಳಿದರು, ಇಬ್ಬರು ಹತ್ತಿದರು.
ಈರಯ್ಯ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.
ಸ್ಟಾಪಿನ ಹೆಸರು ಕೂಗದೆ
"ರೈಟ್" ಅಂದೆ.